ಕೋಟೆಯಿಲ್ಲದ ಧೀರನಕೋಟೆ ಕೆರೆ

ಹೆಸರು ಇರುವುದು ಕರೆಯುವುದಕ್ಕೆ, ಅರ್ಥ ಬಿಡಿಸಿ ಕೂಗುವುದಕ್ಕಲ್ಲ. ಉಳ್ಳಾಗಡ್ಡಿ ಎಂದರೆ ಈರುಳ್ಳಿಯೇ ಆದರೂ ಉಳ್ಳಾಗಡ್ಡಿ ಮನೆತನದವರನ್ನು ಯಾರೂ ಒಗ್ಗರಣೆಗೆ ಹಾಕುವುದಿಲ್ಲ. ಈ ನಿಯಮವನ್ನು ಊರಿಗೆ ಊರೇ ಮುರಿದ ಕಥೆ ಧೀರನಕೋಟೆ ಕೆರೆಯದು. ಇಂದು ಅಲ್ಲಿಗೆ ಹೋದವರು ಫಲಕ ಓದಿ ಕೋಟೆ ಹುಡುಕುತ್ತಾರೆ. ಕೋಟೆ ಇಲ್ಲ, ಎಂದೂ ಇರಲಿಲ್ಲ. ಇರುವುದು ಕರಿಕಲ್ಲಿನ ತೂಬು, ಅದಕ್ಕೆ ಇಳಿಯುವ ಒಂಬತ್ತು ಮೆಟ್ಟಿಲು. ಎಂಥ ಬೇಸಗೆಯಲ್ಲೂ ನೀರು ಏಳನೆಯ ಮೆಟ್ಟಿಲಿನ ಬುಡ ಬಿಟ್ಟು ಕೆಳಗಿಳಿಯುವುದಿಲ್ಲ.

ಹಿಂದೆ ಒಮ್ಮೆ, ಕುಂಪಣಿ ಸರಕಾರದ ಕಾಲದಲ್ಲಿ, ಇಲ್ಲಿದ್ದ ಹಳೆಯ ತೂಬನ್ನು ಕರಿಕಲ್ಲಿನಲ್ಲಿ ಮತ್ತೆ ಕಟ್ಟಿಸಲು ಡ್ರಿಂಕ್‌ವಾಟರ್ ಎಂಬ ಇಂಗ್ಲಿಷ್ ಎಂಜಿನಿಯರ್ ಬಂದಿದ್ದನಂತೆ. ಅದು ಅವನ ಮನೆತನದ ಹೆಸರು. ಯಾವ ಕಾಲದಲ್ಲೋ ಮದ್ಯ ಮುಟ್ಟದ ಪೂರ್ವಜನೊಬ್ಬನಿಗೆ ನೆರೆಯವರು ಕುಹಕದಿಂದ ಇಟ್ಟದ್ದು ವಂಶಕ್ಕೆ ಅಂಟಿಕೊಂಡಿತು ಎನ್ನುತ್ತಾರೆ. ಅವರ ನಾಡಿನಲ್ಲಿ ಅದನ್ನು ಕರೆಯುವಾಗ ಅರ್ಥ ಯಾರಿಗೂ ನೆನಪಾಗುವುದಿಲ್ಲ. ಇಲ್ಲಿ ದುಭಾಷಿ ಗುಂಡೋಪಂತ ಮೊದಲ ದಿನವೇ ಬಿಡಿಸಿ ಹೇಳಿದ. "ನೀರುಕುಡಿ ಸಾಹೇಬ ಬಂದ, ಕೊಡ ತುಂಬಿಡ್ರಪಾ" ಎಂದು ಮಣ್ಣು ಹೊರುವವರು ನಕ್ಕರು. ಅಂದಿನಿಂದ ಊರಿಗೆ ಅವನು ನೀರುಕುಡಿ. ತೂಬು ಕಾಯುವ ಬಾಳವ್ವ ಮಾತ್ರ ನಾಲಿಗೆ ಹೊರಳಿದಷ್ಟಕ್ಕೆ "ದಿರಂಕೋಟ್ರ ಸಾಹೇಬ್ರ" ಎನ್ನುತ್ತಿದ್ದಳು. "ಅವರಪ್ಪ ಕೊಟ್ಟ ಹೆಸರು, ನಾ ಯಾಕ ಬಿಚ್ಚಿ ನೋಡ್ಲಿ?"

ಒಂದು ನಡುಹಗಲು ಸಾಹೇಬ ಕಾಲು ಜಾರಿ ತೂಬಿನ ಬಾಯಿಗೆ ಬಿದ್ದ. ದಂಡೆಯ ಮೇಲಿದ್ದ ಇನ್ನೂರು ಜನ ಗಾಬರಿಯಿಂದ, ತಮಗೆ ಗೊತ್ತಿದ್ದ ಹೆಸರಿನಿಂದಲೇ ಕರೆದರು: "ನೀರುಕುಡಿ, ನೀರುಕುಡಿ." ಮುಳುಗುತ್ತಿದ್ದವನಿಗೆ ಅಷ್ಟಿಷ್ಟು ಕನ್ನಡ ತಿಳಿಯುತ್ತಿತ್ತು. ಅವನು ಕೈ ಚಾಚಲಿಲ್ಲ. ಅವರತ್ತ ಒಮ್ಮೆ ನೋಡಿ, ಬಾಯಿ ತೆರೆದ ಎನ್ನುತ್ತಾರೆ. ಹೆಣ ಸಿಗಲಿಲ್ಲ.

ಮರುದಿನದಿಂದ, ತೂಬು ಮುಚ್ಚಿದ್ದರೂ, ಕೆರೆ ದಿನಕ್ಕೊಂದು ಮೆಟ್ಟಿಲು ಇಳಿಯತೊಡಗಿತು. ನಡುಹಗಲಾದರೆ ತೂಬಿನೊಳಗಿಂದ ಗುಟುಕರಿಸುವ ಸದ್ದು, ಆಮೇಲೆ ತೊದಲುಗನ್ನಡದಲ್ಲಿ, ಬಲು ವಿನಯದಿಂದ, "ಕುಡಿದೆ. ಇನ್ನೆಷ್ಟು?" ಊರಿಗಿದ್ದದ್ದು ಅದೊಂದೇ ನೀರು. ಆರು ಮೆಟ್ಟಿಲು ಬರಿದಾದಾಗ ಗುಂಡೋಪಂತ ಎಡೆ ಇಡಿಸಿ, ಸತ್ತವನನ್ನು ಊರೆಲ್ಲ ಕೂಡಿ ಕರೆದು ಶಾಂತಿ ಮಾಡಬೇಕೆಂದ. ಏನೆಂದು ಕರೆಯುವುದು? ಜನಕ್ಕೆ ಬರುತ್ತಿದ್ದದ್ದು ಅರ್ಥವೊಂದೇ. ಇನ್ನೂರು ಬಾಯಿ ಮತ್ತೆ ಅದನ್ನೇ ಕೂಗಿದವು. ಎಲ್ಲರ ಕಣ್ಣೆದುರೇ ಏಳನೆಯ ಮೆಟ್ಟಿಲೂ ಬರಿದಾಯಿತು.

"ನೀನೂ ಕೂಗು ಬಾಳವ್ವಾ," ಎಂದ ಊರಗೌಡ. "ಊರು ಕೂಗಿದ್ದನ್ನ ಕೂಗಾಕ ನಿನಗೇನ ಧಾಡಿ?"

"ನಾ ಕೂಗಂಗಿಲ್ರಿ. ಅವರು ಕುಡದದ್ದು ಸಾಕು."

ಇಂದು ನೋಡುವವರಿಗೆ ಕಾಣುವ, ಏಳನೆಯ ಮೆಟ್ಟಿಲಿನ ಬುಡ ಬಿಟ್ಟಿಳಿಯದ ಆ ನೀರೂ, ಅವಳ ಬಾಯ ಮಾತು ಸವೆದು ಉಳಿದ ಫಲಕದ ಹೆಸರೂ ಮುಂದಿನ ಕ್ಷಣದಲ್ಲಿ ಹುಟ್ಟಿದವು. ಬಾಳವ್ವ ಸೆರಗು ಸಿಕ್ಕಿಸಿ ಏಳು ಮೆಟ್ಟಿಲು ಇಳಿದಳು, ತೂಬಿನ ಕತ್ತಲೆಗೆ ಕೈ ಚಾಚಿದಳು, "ದಿರಂಕೋಟ್ರ ಸಾಹೇಬ್ರ, ಮ್ಯಾಲ ಬರ್ರಿ" ಎಂದಳು.