ಧನಂಜಯಪ್ಪನ ಅಂಗಡಿಗೆ ಒಲೆ ತೆರಿಗೆ

"ಈ ರಾಜ್ಯವೇ ನನ್ನ ಅಂಗಡಿ ಮೇಲೆ ನಿಂತಿದೆ, ಮಹಾಸ್ವಾಮಿ! ನಾನು ಬಿದ್ದರೆ ತಾವೂ ಬಿದ್ದ ಹಾಗೇ."

ಹೊಳೆನಂದಿಯ ದೊರೆ ವಿಜಯಪಾಲನ ಎದುರಿಗೇ ಹೀಗೆ ಹೇಳುವ ಧೈರ್ಯ ಇದ್ದದ್ದು ಒಬ್ಬನಿಗೆ, ಹಣದಂಗಡಿಯ ಧನಂಜಯಪ್ಪನಿಗೆ. ಮಗಳ ಮದುವೆಗೆ, ಸೋರುವ ಸೂರಿಗೆ ಎಂದು ಊರಿನವರು ಕೂಡಿಟ್ಟದ್ದೆಲ್ಲ ಅವನ ಅಂಗಡಿಯಲ್ಲಿತ್ತು. ಇತ್ತು ಅಂದರೆ, ಹೋದ ವರ್ಷದ ತನಕ ಇತ್ತು.

ಆಮೇಲೆ ಅವನು ಅದನ್ನೆಲ್ಲ ಪುನುಗಿನ ಬೆಕ್ಕಿಗೆ ಸುರಿದ. ಪುನುಗು ಸುಗಂಧದ ಸಾಮಾನು, ಅರಮನೆಗೂ ಬೇಕು, ದೇವಸ್ಥಾನಕ್ಕೂ ಬೇಕು. ಯಾರೋ ಪರದೇಶದ ವ್ಯಾಪಾರಿ ಬಂದು ಬುಟ್ಟಿಗಟ್ಟಲೆ ಬೆಕ್ಕು ಮಾರಿದ. ಧನಂಜಯಪ್ಪ ಬೆಕ್ಕುಗಳನ್ನು ಕೊಂಡ, ಇನ್ನೂ ಹುಟ್ಟದ ಮರಿಗಳಿಗೂ ಮುಂಗಡ ಕೊಟ್ಟ. ಮೊದಲ ಮಳೆ ಬಂತು. ಬೆಕ್ಕುಗಳು ನೆನೆದವು. ಮೈಗೆ ಬಳಿದಿದ್ದ ಪರಿಮಳ ತೊಳೆದುಹೋಯಿತು. ಉಳಿದದ್ದು ಬರೀ ಬೆಕ್ಕು.

"ಅಂಗಡಿ ಮುಚ್ಚಿದರೆ ಸಂತೆ ನಿಲ್ಲುತ್ತೆ," ಎಂದು ಹೆದರಿದ ದೊರೆ ಅಪ್ಪಣೆ ಮಾಡಿದ: ಅಂಗಡಿಯನ್ನು ಎತ್ತಿ ನಿಲ್ಲಿಸಲು ಊರಿನ ಪ್ರತಿ ಒಲೆಗೂ ಒಂದೊಂದು ಹಣ ತೆರಿಗೆ!

ಊರು ಕೊತಕೊತ ಕುದಿಯಿತು. ಎರಡು ಒಲೆ ಇದ್ದವರು ಒಂದನ್ನು ಒಡೆದು ಹಾಕಿದರು. ವರ್ಷಗಟ್ಟಲೆ ಬೇರೆ ಬೇರೆ ಬೇಯಿಸಿಕೊಂಡಿದ್ದ ಅತ್ತೆ ಸೊಸೆಯರು ಒಂದೇ ಒಲೆಗೆ ಬಂದರು, ಅದರಿಂದ ಎದ್ದ ಜಗಳ ಬೇರೆ. ಅರಮನೆ ಬಾಗಿಲಲ್ಲಿ ಜನ ಕೂಗಿದರು: "ನಮ್ಮ ದುಡ್ಡು ಮುಳುಗಿಸಿದವನಿಗೆ ಮತ್ತೆ ನಮ್ಮದೇ ದುಡ್ಡಾ?"

ದೊರೆಗೆ ಎಲೆ ಅಡಿಕೆ ಮಡಿಸಿಕೊಡುತ್ತಿದ್ದವಳು ಮಂಚಮ್ಮ. ಆಸ್ಥಾನದಲ್ಲಿ ಅವಳ ಬಾಯಿಗೆ ಹೆದರದ ಮಂತ್ರಿ ಇರಲಿಲ್ಲ. ಅವಳು ಸುಣ್ಣ ಸವರುತ್ತಾ ಗೊಣಗಿದಳು, "ಬೆಕ್ಕು ಅವರದ್ದು, ಒಲೆ ನಮ್ಮದು."

ದೊರೆಗೆ ಕೇಳಿಸಿಬಿಟ್ಟಿತು. "ಅಷ್ಟು ಮಾತಾಡೋಳು ನೀನೇ ವಸೂಲಿ ಮಾಡು! ನಾಳೆಯೇ ಆಗಬೇಕು. ಒಬ್ಬ ಸಿಪಾಯಿಯೂ ದೊಣ್ಣೆ ಎತ್ತಕೂಡದು. ಆಗಲಿಲ್ಲವೋ, ಈ ಆಸ್ಥಾನದಲ್ಲಿ ನಿನಗೆ ಜಾಗ ಇಲ್ಲ."

"ಅಪ್ಪಣೆ ಬುದ್ಧಿ," ಎಂದಳು ಮಂಚಮ್ಮ. "ಅದಕ್ಕೆ ಮುಂಚೆ ಒಂದು ಸಣ್ಣ ಎಮ್ಮೆ ವ್ಯಾಜ್ಯ ಇದೆ. ಪಾಪ, ಹೆಂಗಸು ಬೆಳಗಿಂದ ಕಾದಿದ್ದಾಳೆ."

ಕುಂಬಾರಗೇರಿಯ ಸಣ್ಣಕ್ಕ ಒಳಗೆ ಬಂದಳು. "ಸ್ವಾಮಿ, ನನ್ನ ಎಮ್ಮೆ ಕಾಯಿಲೆ ಬಿದ್ದಾಗ ಈ ಧನಂಜಯಪ್ಪನವರು ಎರಡು ಗಾಡಿ ಹುಲ್ಲು ಕೊಟ್ಟರು. ಎಮ್ಮೆ ಎದ್ದಿತು. ಈಗ ಅರ್ಧ ಹಾಲೂ ಅವರ ಮನೆಗೆ, ಕರುವಿನಲ್ಲೂ ಅರ್ಧ ಅವರದ್ದಂತೆ!"

ಅಲ್ಲೇ ಕೂತಿದ್ದ ಧನಂಜಯಪ್ಪ ನಕ್ಕ. "ಇದು ಈ ಸೀಮೆಯ ಪದ್ಧತಿ ತಾಯಿ. ಬಿದ್ದ ದನಕ್ಕೆ ಮೇವು ಹಾಕಿ ಎಬ್ಬಿಸಿದವನಿಗೆ ಅದರಲ್ಲಿ ಅರ್ಧ ಪಾಲು. ನನ್ನ ಹುಲ್ಲಿಲ್ಲದಿದ್ದರೆ ನಿನಗೆ ಎಮ್ಮೆ ಎಲ್ಲಿತ್ತು? ಪುಕ್ಕಟೆ ಮೇಯಿಸೋಕೆ ನನಗೇನು ಹುಚ್ಚಾ?"

"ಮಾತು ನ್ಯಾಯವಾಗಿದೆ," ಎಂದ ದೊರೆ.

"ಎಮ್ಮೆಗೆ ಮಾತ್ರವೋ, ಬಿದ್ದದ್ದು ಯಾವುದಕ್ಕಾದರೂ ಸರಿಯೋ, ಮಹಾಸ್ವಾಮಿ?" ಮಂಚಮ್ಮ ಎಲೆಯ ತೊಟ್ಟು ಮುರಿಯುತ್ತಾ ಕೇಳಿದಳು.

"ನ್ಯಾಯ ಅಂದ ಮೇಲೆ ಎಲ್ಲಕ್ಕೂ ಒಂದೇ."

"ಡಂಗುರ ಹೊಡೆಸಲಾ?"

ಊರಿನ ಅರ್ಧ ಕೊಟ್ಟಿಗೆಗಳಿಗೆ ಹುಲ್ಲು ಕೊಟ್ಟಿದ್ದ ಧನಂಜಯಪ್ಪ ತಾನೇ ಮುಂದೆ ಬಂದು, "ಹೊಡೆಸಿ, ಹೊಡೆಸಿ! ಜೋರಾಗಿ ಹೊಡೆಸಿ!" ಎಂದ.

ಮರುದಿನ ಬೆಳಗ್ಗೆ ದೊರೆ ಉಪ್ಪರಿಗೆಗೆ ಬಂದು ನೋಡಿದರೆ ಅರಮನೆಯಿಂದ ಕೆರೆ ಏರಿಯವರೆಗೂ ಜನ. ನೂಕುನುಗ್ಗಲು. ಒಲೆ ಒಡೆದಿದ್ದವರು ರಾತ್ರೋರಾತ್ರಿ ಹೊಸ ಒಲೆ ಹಾಕಿಕೊಂಡು ಬಂದಿದ್ದರು. "ನಮ್ಮದು ಎರಡು ಒಲೆ ಸ್ವಾಮಿ, ಎರಡಕ್ಕೂ ತಗೊಳ್ಳಿ!" ಎಂದು ಒಬ್ಬಳು ಕಿರುಚುತ್ತಿದ್ದಳು.

"ಏನು ಮಾಟ ಮಾಡಿದೆಯೇ?" ದೊರೆ ಬೆರಗಾಗಿ ಕೇಳಿದ.

ಮಂಚಮ್ಮ ಬಾಯಿ ತೆರೆಯುವಷ್ಟರಲ್ಲಿ ಧನಂಜಯಪ್ಪ ಓಡಿ ಬಂದ. ರುಮಾಲು ಬಿಚ್ಚಿಕೊಂಡು ಹೆಗಲ ಮೇಲೆ ಜೋತಾಡುತ್ತಿತ್ತು.

"ಮಹಾಸ್ವಾಮಿ, ಕಾಪಾಡಿ! ತೆರಿಗೆ ಕೊಟ್ಟವರೆಲ್ಲ ಸೀದಾ ನನ್ನ ಮನೆಗೇ ಬರ್ತಿದ್ದಾರೆ! ಆ ಸಣ್ಣಕ್ಕ ನನ್ನ ಉಯ್ಯಾಲೆ ಮೇಲೆ ಕೂತು ಒಂದು ಸರಪಳಿ ನನ್ನದು ಅಂತಾಳೆ. ನನ್ನ ಗಾದಿ ಮೇಲೆ ಮೂವರು ಮುದುಕರು ಮಲಗಿದ್ದಾರೆ. ಅಡುಗೆಮನೆಗೆ ನುಗ್ಗಿ, ಇವತ್ತಿನ ಸಾರಿಗೆ ಉಪ್ಪು ಸಾಲದು ಅಂತ ನನ್ನ ಹೆಂಡತಿಗೇ ಹೇಳ್ತಾರೆ!"

"ಹೇಳದೆ ಇರ್ತಾರಾ, ಧನಂಜಯಪ್ಪನವರೇ?" ಎಂದಳು ಮಂಚಮ್ಮ. "ಬಿದ್ದ ಅಂಗಡಿಗೆ ಮೇವು ಹಾಕಿದ್ದು ಅವರು. ಅರ್ಧ ಅವರದ್ದು. ತಮ್ಮದೇ ಪದ್ಧತಿ. ಅಂಗಡಿಯ ಮುಂದಿನ ಲಾಭದಲ್ಲೂ ಅರ್ಧ. ಅದನ್ನು ಕೇಳೋಕೆ ಸಾಯಂಕಾಲ ಬರ್ತಾರಂತೆ."

ಧನಂಜಯಪ್ಪನ ಮುಖ ಬಿಳಿಚಿಕೊಂಡಿತು. "ಬೇಡ ಮಹಾಸ್ವಾಮಿ! ನನಗೆ ಯಾರ ಹಣವೂ ಬೇಡ. ನನ್ನ ಅಂಗಡಿ ನಾನೇ ಎತ್ತಿ ನಿಲ್ಲಿಸ್ತೀನಿ. ಹೆಂಡತಿ ಹೆಸರಿನಲ್ಲಿ ಎರಡು ತೋಟ ಇದೆ. ಅತ್ತೆ ಮನೆ ಅಟ್ಟದ ಮೇಲೆ ಒಂದು ಪೆಟ್ಟಿಗೆ ಬಂಗಾರ ಇದೆ. ಎಲ್ಲ ಮಾರಿ ಒಬ್ಬೊಬ್ಬರಿಗೂ ಇಟ್ಟ ಹಣ ಕೊಡ್ತೀನಿ."

ದೊರೆಯ ಹುಬ್ಬು ಮೇಲೇರಿತು. "ಎಲಾ! ಅವತ್ತು ನನ್ನ ಮುಂದೆ 'ನಾನು ಬಿದ್ದರೆ ತಾವೂ ಬಿದ್ದ ಹಾಗೇ' ಅನ್ನುವಾಗ ಇದೆಲ್ಲ ನೆನಪಿಗೆ ಬರಲಿಲ್ಲವೋ?"

ಧನಂಜಯಪ್ಪ ಬಿಚ್ಚಿದ ರುಮಾಲು ಸುತ್ತಿಕೊಳ್ಳತೊಡಗಿದ. ಅವನ ಪರವಾಗಿ ಮಂಚಮ್ಮನೇ ಉತ್ತರ ಕೊಟ್ಟಳು.

"ಹೇಗೆ ಬರುತ್ತೆ ಬುದ್ಧಿ? ಅವತ್ತು ಖರ್ಚಾಗ್ತಾ ಇದ್ದದ್ದು ಊರಿನದ್ದು. ತಮ್ಮದು ಅಂತ ಒಂದಿದೆ ಅನ್ನೋದು ಅವರಿಗೆ ಹೊಳೆದದ್ದೇ, ಅದರಲ್ಲಿ ಪಾಲು ಕೇಳೋರು ಬಂದಾಗ!"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ತೆರಿಗೆಯ ಹಣವನ್ನು ಅಲ್ಲೇ, ನಿಂತ ಸಾಲಿನಲ್ಲೇ ಎಲ್ಲರಿಗೂ ವಾಪಸು ಕೊಡಿಸಿದ. ತನ್ನ ಕೈಯ ಕಡಗ ಬಿಚ್ಚಿ ಮಂಚಮ್ಮನ ಮುಂದಿಟ್ಟು, "ತಗೋ, ಇದು ನಿನಗೆ," ಎಂದ.

ಮಂಚಮ್ಮ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಹಿಂದೆ ಮುಂದೆ ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದಳು:

"ಇದು ಅರಮನೆಯದ್ದೋ ಬುದ್ಧಿ, ಇಲ್ಲ ಊರಿನದ್ದೋ?"