ಹೊತ್ತಲ್ಲದ ಹೊತ್ತಿನ ಜಾಗಟೆ

ಹೊಳೆದಂಡೆಯಲ್ಲಿ ಒಂದು ಮಠ. ಮಠಕ್ಕೊಬ್ಬ ಮುದುಕ ಗುರು. ಸುತ್ತಲ ಹಳ್ಳಿಯವರೆಲ್ಲ ಅವರನ್ನು ಅಜ್ಜಾರು ಅಂತಲೇ ಕರೆಯುವುದು. ಅವರ ಹತ್ತಿರ ಅಡಿವೆಯ್ಯ ಅಂತ ಒಬ್ಬ ಶಿಷ್ಯ.

ಅಡಿವೆಯ್ಯ ಓದಿನಲ್ಲಿ ಗಟ್ಟಿ. ತಾಳ್ಮೆಯ ಸುದ್ದಿ ಮಾತ್ರ ಕೇಳಬೇಡಿ.

ಹೊಳೆಯ ಆಚೆ ದಂಡೆಯಲ್ಲಿ ಮಠದ್ದೇ ಒಂದು ಸಣ್ಣ ಶಾಲೆ ಇತ್ತು. ಅಲ್ಲಿ ಪಾಠ ಹೇಳುತ್ತಿದ್ದ ಹಿರಿಯರು ತೀರಿಕೊಂಡ ಮೇಲೆ ಹುಡುಗರು ದಿನವೆಲ್ಲ ಮರದ ಮೇಲೇ ಇರುತ್ತಿದ್ದರು. ಆ ಶಾಲೆ ತನಗೇ ಸಿಗಬೇಕೆಂದು ಅಡಿವೆಯ್ಯನಿಗೆ ಜೀವ ಹಾತೊರೆಯುತ್ತಿತ್ತು. ಹೊಸ ಗುರುವಿಗೆಂದು ಆಚೆಯವರು ಒಂದು ಕಾವಿ ಶಲ್ಯ ಕಳಿಸಿದ್ದರು. ಇವನು ದಿನಾ ಅದನ್ನು ಒಮ್ಮೆ ಮುಟ್ಟಿ ನೋಡಿ, ಮತ್ತೆ ಗೂಟಕ್ಕೆ ಹಾಕುತ್ತಿದ್ದ.

ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟ.

"ಅಜ್ಜಾರ, ನನ್ನ ಯಾವಾಗ ಕಳಸ್ತೀರಿ?"

ಅಜ್ಜಾರು ಎದ್ದು ಹೊರಗೆ ಹೋದರು. ಬರುವಾಗ ಅವರ ಕೈಯಲ್ಲೊಂದು ನಾಯಿಮರಿ. ಅಂಬಿಗರ ಮನೆಯ ನಾಯಿ ಹಾಕಿದ್ದು. ಗೋಧಿ ಬಣ್ಣ, ಹೊಟ್ಟೆ ಗುಂಡಗೆ, ಕಾಲು ನಾಲ್ಕೂ ನಾಲ್ಕು ಕಡೆ.

"ಇದನ್ನ ಸಾಕು. ನೀ ಕರೆದಾಗ ಇದು ಓಡಿ ಬರಬೇಕು. ಅವತ್ತ ದೋಣಿ ಹತ್ತು."

"ಇಷ್ಟ ಏನ್ರಿ?"

"ಇಷ್ಟ."

ಅಡಿವೆಯ್ಯನಿಗೆ ನಗು ಬಂತು. ಶಾಸ್ತ್ರ ಅರಗಿಸಿಕೊಂಡವನಿಗೆ ನಾಯಿಮರಿ ಯಾವ ಲೆಕ್ಕ?

ಮಠದ ಅಡಿಗೆಯ ನೀಲವ್ವ ಮರಿಗೆ ಗೋಧಿ ಅಂತಲೇ ಹೆಸರಿಟ್ಟಳು. ಹಾಲಿನಲ್ಲಿ ರೊಟ್ಟಿ ನೆನೆಸಿ ತಿನ್ನಿಸಿದಳು. ಗೋಧಿ ತಿಂದಿತು, ಅಂಗಳವೆಲ್ಲ ಓಡಿತು, ಆಮೇಲೆ ಒಳಗೆ ಬಂದು ಅಡಿವೆಯ್ಯನ ಪೂಜೆಯ ಮಣೆಯ ಪಕ್ಕದಲ್ಲೇ ಉಚ್ಚೆ ಹೊಯ್ದಿತು.

"ಗೋಧೀ, ಬಾ ಇಲ್ಲಿ!"

ಬಾಲ ಅಲ್ಲಾಡಿಸುತ್ತ ಬಂತು. ಇವನು ಅದರ ಮೂತಿ ಹಿಡಿದು ನೆಲಕ್ಕೆ ಒತ್ತಿ, "ಮಾಡ್ತಿಯೇನು ಇನ್ನ?" ಅಂದ.

ಮರುದಿನ ಅದು ಅವನ ಚಪ್ಪಲಿ ಕಡಿಯಿತು. ಕರೆದ. ಬಂತು. ಕಿವಿ ಹಿಂಡಿದ.

ಇನ್ನೊಂದು ದಿನ ಏನೂ ಮಾಡಿರಲಿಲ್ಲ ಪಾಪ. ಅಂಗಳದಲ್ಲಿ ಚಿಟ್ಟೆಯ ಹಿಂದೆ ಕುಣಿಯುತ್ತಿತ್ತು. ಕರೆದ. ಬಂತು. ಕುಣಿದದ್ದು ಸಾಕೆಂದು ಹಗ್ಗ ಹಾಕಿ ಕಂಬಕ್ಕೆ ಕಟ್ಟಿದ.

ಆಮೇಲಾಮೇಲೆ ಗೋಧಿ ಬರುವುದನ್ನೇ ಬಿಟ್ಟಿತು. ಇವನ ದನಿ ಕೇಳಿದರೆ ಸಾಕು, ಬಾಲ ಮಡಚಿಕೊಂಡು ಕಟ್ಟಿಗೆ ಒಟ್ಟಿಲಿನ ಸಂದಿಗೆ ಸೇರುತ್ತಿತ್ತು.

"ಭಾಳ ಚಲೋ ಕಲಿಸೀ ನೋಡಪಾ," ಅಂತ ನೀಲವ್ವ ನಕ್ಕಳು. "ಕರೆದ ಕೂಡಲೇ ಓಡಿ ಹೋಗತೈತಿ."

ಅಡಿವೆಯ್ಯ ಮೋರೆ ಉರಿ ಮಾಡಿಕೊಂಡು ಗುರುವಿನ ಹತ್ತಿರ ಹೋದ.

"ಅಜ್ಜಾರ, ಬ್ಯಾರೆ ಏನಾದ್ರೂ ಕೊಡ್ರಿ. ಇದಕ್ಕ ಕಿವಿನ ಇಲ್ಲ."

"ಹೌದ? ಮತ್ತ ಜಾಗಟೆ ಬಾರಿಸಿದ್ರ ಎಲ್ಲಿದ್ರೂ ಓಡಿ ಬರತೈತಲ್ಲ?"

ಅದು ನಿಜ. ಮಠದ ಜಾಗಟೆ ಅಂದರೆ ಊಟದ ಕರೆ. ಆ ಸದ್ದು ಹೊಳೆಯ ಆಚೆಗೂ ಕೇಳುತ್ತದೆ. ಕೇಳಿ ಬಂದವರು ಯಾರೇ ಆಗಲಿ, ಮೊದಲು ಎಲೆ, ಆಮೇಲೆ ಮಾತು. ಹೆಸರು ಕೂಡ ಉಂಡ ಮೇಲೆಯೇ ಕೇಳುವುದು. ಹಿಂದೊಮ್ಮೆ ಮಠದ ಬದನೆಕಾಯಿ ಕದ್ದವನೇ ಬಂದು ಪಂಕ್ತಿಯಲ್ಲಿ ಕೂತಿದ್ದನಂತೆ. ಅವನ ಎಲೆಗೆ ಅಜ್ಜಾರು ಅದೇ ತೋಟದ ಬದನೆಕಾಯಿ ಪಲ್ಯವನ್ನು ಎರಡು ಸಲ ಬಡಿಸಿದರಂತೆ. ಉಂಡು ಕೈ ತೊಳೆದ ಮೇಲೆ ಅವನೇ ಬಾಯಿಬಿಟ್ಟು ಹೇಳಿಕೊಂಡನಂತೆ.

ಇದೆಲ್ಲ ಅಡಿವೆಯ್ಯನಿಗೆ ಗೊತ್ತಿದ್ದದ್ದೇ. ಆದರೆ ಗುರುವಿನ ಮಾತು ಕೇಳಿ ಅವನ ತಲೆಗೆ ಹೊಳೆದದ್ದೇ ಬೇರೆ.

ಒಂದು ಮಧ್ಯಾಹ್ನ ಊಟ ಮುಗಿದು ಒಲೆ ಆರಿತ್ತು. ಗೋಧಿ ಅವನ ರುದ್ರಾಕ್ಷಿ ಸರ ಕಚ್ಚಿಕೊಂಡು ಕಟ್ಟಿಗೆ ಸಂದಿಗೆ ನುಗ್ಗಿತು. ಕರೆದ, ಬರಲಿಲ್ಲ. ಗದರಿದ, ಇನ್ನೂ ಒಳಕ್ಕೆ ಸರಿಯಿತು.

ಅಡಿವೆಯ್ಯ ಸೀದಾ ಹೋಗಿ ಜಾಗಟೆ ಬಾರಿಸಿದ.

ಗೋಧಿ ಹಾರಿ ಬಂತು! ಬಂದದ್ದನ್ನು ಕುತ್ತಿಗೆ ಹಿಡಿದು ಎತ್ತಿ, ಸರ ಕಿತ್ತುಕೊಂಡು, ಬೆನ್ನಿಗೆರಡು ಬಿಗಿದ. ಮರಿ ಕುಂಯ್ ಅಂತ ಕೂಗಿ, ಕೈಯಿಂದ ಜಾರಿ, ಹೊಳೆಯ ಕಡೆ ಓಡಿತು.

ಇವನು ತಲೆ ಎತ್ತಿದರೆ ಬಾಗಿಲಲ್ಲಿ ಜನ. ಒಬ್ಬ ಮುದುಕ, ಅವನ ಮಗಳು, ಅವಳ ಸೆರಗು ಹಿಡಿದ ಸಣ್ಣ ಹುಡುಗಿ. ದೋಣಿಗೆ ಕಾಯುತ್ತಿದ್ದವರು ಜಾಗಟೆ ಕೇಳಿ ಬಂದಿದ್ದರು. ಕಾಲು ತೊಳೆದುಕೊಂಡಿದ್ದರು ಕೂಡ. ಮರಿಗೆ ಬಿದ್ದ ಏಟು ನೋಡಿ ಹುಡುಗಿ ತಾಯಿಯ ಹಿಂದೆ ಅಡಗಿತ್ತು.

"ಜಾಗಟೆ ಆತಲ್ರಿ, ಅದಕ್ಕ ಬಂದ್ವಿ," ಅಂದ ಮುದುಕ.

ನೀಲವ್ವ ಒಳಗೋಡಿ ಒಲೆ ಊದಿದಳು. ಕಟ್ಟಿಗೆ ಹೊತ್ತುವಷ್ಟರಲ್ಲಿ ಅಂಬಿಗ ಕೂಗು ಹಾಕಿದ.

"ಇರ್ಲಿ ಬಿಡವ್ವಾ, ದೋಣಿ ತಪ್ಪತೈತಿ," ಅಂದು ಮೂವರೂ ಇಳಿದು ಹೋದರು.

ಜಾಗಟೆ ಕೇಳಿ ಬಂದವರು ಹಸಿದು ತಿರುಗಿದ್ದು ಆ ಮಠದಲ್ಲಿ ಅದೇ ಮೊದಲು. ಅಡಿವೆಯ್ಯನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ನಿಜವಾದ ಜಾಗಟೆ ಬಾರಿಸಿದಾಗ ಗೋಧಿ ಬರಲಿಲ್ಲ. ಹೊಳೆಯ ಬಂಡೆಗಳ ನಡುವೆ ಎಲ್ಲೋ ಕೂತಿತ್ತು. ಅಡಿವೆಯ್ಯನೂ ಬರಲಿಲ್ಲ. ದನದ ಕೊಟ್ಟಿಗೆಯಲ್ಲಿ ಕೂತಿದ್ದ. ಶಾಲೆ ಹೋಯಿತು, ಮಠವೂ ಹೋಯಿತು, ಬೆಳಗಾದರೆ ಗಂಟು ಕಟ್ಟುವುದೇ ಅಂದುಕೊಂಡ.

ಒಳಗಿಂದ ಅಜ್ಜಾರ ದನಿ ಬಂತು. "ಅಡಿವೆಯ್ಯಾ, ಬಾರಪಾ."

ಇವನು ಇನ್ನೂ ಮೂಲೆಗೆ ಸರಿದ.

"ಅಡಿವೆಯ್ಯಾ."

ಎದ್ದ. ಕಂಬದಿಂದ ಕಂಬಕ್ಕೆ ಕೈ ಊರುತ್ತ ಬಂದು ಎದುರಿಗೆ ನಿಂತ.

ಅಜ್ಜಾರು ಎಲೆ ಹಾಸಿದರು. ರೊಟ್ಟಿ ಇಟ್ಟರು, ಪಲ್ಯ ಇಟ್ಟರು, ಮೊಸರು ಹಾಕಿದರು.

"ಉಣ್ಣು."

"ಅಜ್ಜಾರ, ಮೊದಲ ನಾ ಹೇಳಬೇಕ್ರಿ..."

"ಉಣ್ಣಂದೆ."

ಉಂಡ. ತುತ್ತಿಗೊಮ್ಮೆ ಕಣ್ಣು ಒರೆಸಿಕೊಳ್ಳುತ್ತಲೇ ಉಂಡ. ಕೈ ತೊಳೆದು ಬಂದ ಮೇಲೆ ನಡೆದದ್ದೆಲ್ಲ ಒಪ್ಪಿಸಿದ. ಅಜ್ಜಾರು ಕೇಳಿಸಿಕೊಂಡರು.

"ನಾ ಕರೆದಾಗ ಅಂಜಿಕಿ ಬಂತ?"

"ಭಾಳ ಬಂತ್ರಿ."

"ಮತ್ತ ಯಾಕ ಬಂದಿ?"

ಅಡಿವೆಯ್ಯ ಯೋಚಿಸಿದ. "ಸಣ್ಣಾವಿದ್ದಾಗಿಂದ ನೀವು ಕರೀತೀರಿ, ನಾ ಬರತೀನಿ. ಬಂದು ಒಮ್ಮೆನೂ ಕೆಟ್ಟಿಲ್ರಿ."

ಅಷ್ಟು ಹೇಳಿದವನೇ ಮರಿ ಅಡಗಿದ್ದ ಹೊಳೆಯ ಕಡೆ ನೋಡಿದ.

ಅಜ್ಜಾರು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು ಅವನ ಕೈಗಿಟ್ಟು ಒಳಗೆ ಹೋದರು.

ಅಡಿವೆಯ್ಯ ಬಂಡೆಗಳ ಹತ್ತಿರ ರೊಟ್ಟಿ ಮುರಿದಿಟ್ಟು, ದೂರ ಕೂತು, ಮೋರೆ ಆ ಕಡೆ ತಿರುಗಿಸಿದ. ಕರೆಯಲಿಲ್ಲ. ಅವನು ಎದ್ದು ಹೋದ ಮೇಲೆ ಮರಿ ಬಂದು ತಿಂದಿತು.

ಮರುದಿನವೂ ಹಾಗೇ. ಆಮೇಲೆ ಅವನು ಕೂತಿರುವಾಗಲೇ ತಿಂದಿತು. ಒಂದು ಬೆಳಿಗ್ಗೆ ಅವನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅವನು ಕಾಲು ಜುಮ್ಮೆಂದರೂ ಅಲುಗಾಡಲಿಲ್ಲ. ಎಂಥ ಸುಖ ಆಯಿತು ಅಂತೀರಿ!

ಗೋಧಿ ಮತ್ತೆ ಮಠಕ್ಕೆ ಬಂತು. ಈಗ ಅದು ಎದ್ದ ಕೂಡಲೇ ಎತ್ತಿಕೊಂಡು ಹೊರಗೆ ಒಯ್ಯುತ್ತಿದ್ದ. ಹೊರಗೆ ಹೊಯ್ದರೆ "ಭಲೇ ಮಗನ!" ಅನ್ನುತ್ತಿದ್ದ. ಒಳಗೆ ಹೊಯ್ದರೆ ಸುಮ್ಮನೆ ಒರೆಸುತ್ತಿದ್ದ. ಚಪ್ಪಲಿಯನ್ನು ಅಟ್ಟಕ್ಕೆ ಎತ್ತಿಟ್ಟು, ಕಡಿಯಲು ಒಂದು ತೆಂಗಿನ ಚಿಪ್ಪು ಕೊಟ್ಟ.

ಹೆಸರು ಹಿಡಿದು ಕರೆಯಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಕರೆದರೆ ಮತ್ತೆ ಓಡಿ ಹೋದರೆ? ಶಾಲೆ ಹೋದರೆ ಹೋಗಲಿ, ಮರಿ ಹೋಗಬಾರದು ಅನ್ನಿಸತೊಡಗಿತ್ತು.

ಒಂದು ದಿನ ಆಚೆ ದಂಡೆಯ ಹಿರಿಯರು ದೋಣಿಯಲ್ಲಿ ಬಂದರು. "ಹುಡುಗ್ರು ಕೈ ಮೀರ್ಯಾರ್ರಿ ಅಜ್ಜಾರ. ಇವತ್ತಾದ್ರೂ ಗುರುಗಳನ್ನ ಕೊಡ್ರಿ."

ಅಷ್ಟರಲ್ಲಿ ಅಂಗಳದಲ್ಲಿ ಏನೋ ಕೆಂಪಗೆ ಓಡಿತು. ಗೂಟದಲ್ಲಿದ್ದ ಕಾವಿ ಶಲ್ಯ! ಅದರ ಮುಂದೆ ಗೋಧಿ. ಶಲ್ಯ ಎಳೆದುಕೊಂಡು ಹೊಳೆದಂಡೆಗೆ ಇಳಿದು, ಮರಳಿನ ಮೇಲೆ ಹಾಕಿ ಪರಪರ ಹರಿಯತೊಡಗಿತು.

"ಅಯ್ಯಯ್ಯೋ!" ಅಂದರು ಹಿರಿಯರು.

ಅಜ್ಜಾರು ಅಡಿವೆಯ್ಯನ ಕಡೆ ನೋಡಿದರು. "ಕರಿ."

ಅಡಿವೆಯ್ಯ ದಂಡೆಗೆ ಇಳಿದು ಮಂಡಿ ಊರಿ ಕೂತ. ಅಂಗೈ ಎರಡೂ ಬಿಚ್ಚಿದ.

"ಗೋಧೀ, ಬಾರೋ."

ಮರಿ ನಿಂತಿತು. ಒಂದು ಕಿವಿ ಎತ್ತಿ ಅವನನ್ನೇ ನೋಡಿತು. ಬಾಲ ಕೆಳಗಿಳಿಯಿತು. ಅಡಿವೆಯ್ಯ ಮತ್ತೆ ಕೂಗಲಿಲ್ಲ, ಕೈಯನ್ನೂ ಮುಚ್ಚಲಿಲ್ಲ.

ಆಮೇಲೆ ಬಂತು ನೋಡಿ! ಶಲ್ಯ ಕಚ್ಚಿಕೊಂಡೇ, ಅದರಲ್ಲೇ ಕಾಲು ತೊಡರಿ ಎರಡು ಸಲ ಬಿದ್ದು, ಎದ್ದು, ಓಡಿ ಬಂದು ಅವನ ತೊಡೆಯ ಮೇಲೆ ಹಾಕಿತು. ನಟ್ಟನಡುವೆ ತಲೆ ತೂರುವಷ್ಟು ತೂತು.

ಅಡಿವೆಯ್ಯನ ಕೈ ಮೇಲಕ್ಕೆದ್ದಿತು. ಗೋಧಿಯ ಕಿವಿ ಎರಡೂ ತಲೆಗೆ ಅಂಟಿದವು.

ಎದ್ದ ಕೈ ಮೆಲ್ಲಗೆ ಇಳಿದು ಮರಿಯ ನೆತ್ತಿ ಸವರಿತು. ಇನ್ನೊಂದು ಕೈ ಮಡಿಲಿನಿಂದ ರೊಟ್ಟಿ ಚೂರು ತೆಗೆಯಿತು.

"ಬಂದ್ಯಲ್ಲ, ನನ್ನಪ್ಪಾ," ಅಂದ.

ಅಜ್ಜಾರು ಅಂಬಿಗನಿಗೆ ದೋಣಿ ಸಜ್ಜು ಮಾಡೆಂದು ಸನ್ನೆ ಮಾಡಿದರು. ಅಡಿವೆಯ್ಯ ಮರಿಯನ್ನು ಬಗಲಿಗೆ ಎತ್ತಿಕೊಂಡು ಎದ್ದು, ಶಲ್ಯ ಹಿಡಿದು ನಾಚಿಕೆಯಿಂದ ನಿಂತ.

"ಅಜ್ಜಾರ, ಇದನ್ನ ಹೆಂಗ ಹೊದ್ದು ಹೋಗ್ಲಿ? ಮಕ್ಕಳು ಏನಂದಾವು? ನೀಲವ್ವನ ಕಡೆ ಹೊಲಿಸಿಕೊಂಡು ನಾಳೆ ಹೋಗ್ಲೇನ್ರಿ?"

"ಹೊಲಿಸಬ್ಯಾಡ," ಅಂದರು ಅಜ್ಜಾರು. "ಕರೆದರ ಬರಾಕ ಅಂಜೋ ಹುಡುಗ ಅಲ್ಲಿ ಒಬ್ಬ ಇದ್ದೇ ಇರತಾನ. ಅವನಿಗೆ ಮೊದಲ ಆ ತೂತು ತೋರಿಸು, ಆಮ್ಯಾಲ ಬಗಲಾಗಿನ ಮರಿ."