ನಾಲ್ಕು ದಿಕ್ಕಿನ ಊರು

ನಿವೃತ್ತ ಇಂಜಿನಿಯರ್ ಪರಮಶಿವಯ್ಯನವರು ಮನೆಯಂಥದ್ದೇ ಒಂದು ವ್ಯಾನು ಕೊಂಡರು. ಒಳಗೇ ಮಂಚ, ಒಲೆ, ಬಚ್ಚಲು. ಕೆಳಗಿಳಿಯುವ ಅಗತ್ಯವೇ ಇರಲಿಲ್ಲ, ಅವರು ಇಳಿಯುತ್ತಲೂ ಇರಲಿಲ್ಲ.

"ದಿನಾ ಮಧ್ಯಾಹ್ನದ ನಿದ್ದೆ ಮುಗಿಸಿ ಕಿಟಕಿ ತೆಗೆದರೆ ಹೊಸ ಊರು ಕಾಣಬೇಕು. ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆಯವನು" ಎಂದು ಡ್ರೈವರಿಗೆ ಅಪ್ಪಣೆಯಾಗಿತ್ತು.

ಹದಿನೆಂಟು ದಿನ ಓಡಿಸಿ ಡ್ರೈವರನ ಸೊಂಟ ಬಿದ್ದುಹೋಗಿತ್ತು. ಹತ್ತೊಂಬತ್ತನೇ ದಿನ ಒಂದು ಕೆರೆಯ ಬಳಿ ನಿಲ್ಲಿಸಿದ. ಮಂಚದ ಪಕ್ಕ ಇದ್ದದ್ದು ಒಂದೇ ಕಿಟಕಿ. ಸಾಹೇಬರು ನೀರು ನೋಡಿ "ಭೇಷ್" ಎಂದರು.

ಮರುದಿನ ಅವರು ಗೊರಕೆ ಹೊಡೆಯುವಾಗ ಡ್ರೈವರು ವ್ಯಾನನ್ನು ಅಲ್ಲೇ ಒಂದಿಷ್ಟು ತಿರುಗಿಸಿ ನಿಲ್ಲಿಸಿದ. ತಾನೂ ಬೇವಿನ ಮರದಡಿ ಮಲಗಿದ. ಕಿಟಕಿಯಲ್ಲಿ ಬಂಡೆಗುಡ್ಡ ಕಂಡಿತು. ಅಲ್ಲಿ ನಿಂತ ಮೂರನೇ ದಿನ ಸೂರ್ಯಕಾಂತಿ ಹೊಲ. ನಾಲ್ಕನೇ ದಿನ ರೈಲು ಹಳಿ. ಸಾಹೇಬರು ನೆಂಟರಿಗೆಲ್ಲ ಫೋನು ಮಾಡಿ, "ನಾಲ್ಕು ದಿನಕ್ಕೆ ನಾಲ್ಕು ಊರು!" ಎಂದು ಕೊಚ್ಚಿಕೊಂಡರು.

ಆಮೇಲೆ ಕಿಟಕಿಯ ಕೆಳಗೆ ನೋಡಿ ಹುಬ್ಬು ಗಂಟಿಕ್ಕಿದರು. "ಏನಯ್ಯಾ, ಈ ಹರಿದ ಕಿವಿಯ ನಾಯಿ ನಾಲ್ಕೂ ಊರಲ್ಲಿ ಇದೆಯಲ್ಲ? ನಮ್ಮ ಹಿಂದೇ ಓಡಿ ಬರ್ತಿದೆಯಾ?"

"ಇಲ್ಲ ಸಾರ್. ಅದು ಇಲ್ಲೇ ಇದೆ. ನಾವೂ ಇಲ್ಲೇ ಇದ್ದೀವಿ."

"ನನಗೇ ಮೋಸ ಮಾಡ್ತೀಯಾ!"

"ಇದಕ್ಕೆ ಮುಂಚೆ ಹದಿನೆಂಟು ಊರು ಸುತ್ತಿಸಿದೀನಿ ಸಾರ್. ಒಂದರ ಹೆಸರು ಹೇಳಿ, ಈಗಲೇ ಹೊರಡ್ತೀನಿ."

ಪರಮಶಿವಯ್ಯನವರು ಬೆರಳು ಮಡಚಿ ಎಣಿಸಲು ಹೋದರು, ಒಂದು ಹೆಸರೂ ನೆನಪಾಗಲಿಲ್ಲ.

"ನಾಲ್ಕು ದಿಕ್ಕೂ ಮುಗೀತು ಸಾರ್," ಡ್ರೈವರು ಆಕಳಿಸಿದ. "ಇನ್ನು ಹೊಸದು ನೋಡ್ಬೇಕಂದ್ರೆ ನೀವೇ ಕೆಳಗಿಳೀಬೇಕು."

ಆಮೇಲೆ ಒಳಗಿಂದ ಸಣ್ಣ ದನಿ ಬಂತು.

"ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯೋ?"